ಕಡ್ಡಿಗೆ ಸುತ್ತಿದ ಕೆಂಪು ಟೇಪು

ಒಂದು, ಎರಡು, ಮೂರು, ನಾಲ್ಕು.

ನಾಲ್ಕು ಎಣಿಸುವ ಹೊತ್ತಿಗೆ ಗಾಡಿ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಒಮ್ಮೆ ಜಗ್ಗಿತು. ಹೋದ ವಾರ ಮೂರಕ್ಕೇ ಜಗ್ಗುತ್ತಿತ್ತು. ಲೀವರನ್ನು ‘ಡಿ’ಗೆ ಎಳೆದ ಕೂಡಲೇ ಗೇರು ಹಿಡಿಯಬೇಕಾದ ಗಾಡಿ ಅದು, ಕ್ಲಚ್ ಒತ್ತುವ ಕೆಲಸವಿಲ್ಲ, ಗೇರು ಬದಲಿಸುವ ಗೋಜಿಲ್ಲ, ಆಟೋಮ್ಯಾಟಿಕ್. ಗೇರ್ ಡಾಕ್ಟರು ಬ್ರೇಕ್ ಒತ್ತಿ ಹಿಡಿದು ಲೀವರನ್ನು ಮತ್ತೆ ನ್ಯೂಟ್ರಲ್ಲಿನ ‘ಎನ್’ಗೆ ತಳ್ಳಿದರು, ಮತ್ತೆ ‘ಡಿ’ಗೆ ಎಳೆದರು, ಮತ್ತೆ ಎಣಿಸಿದರು. ಮತ್ತೆ ನಾಲ್ಕೇ. ಬೆಳಗಿನಿಂದ ಇದು ಹದಿನೇಳನೆಯ ಸಲ. ಹದಿನೆಂಟನೆಯ ಸಲ ಎಳೆದರೆ ಮೂರಾದೀತು ಎಂದು ಅವರಿಗೆ ಹೇಳಿದವರಾದರೂ ಯಾರೋ.

“ರೀ, ಟೀ ಆರ್ತಾ ಇದೆ,” ಎಂದು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕರೆದರು. “ಇದು ಮೂರನೇ ಲೋಟ. ನಾಲ್ಕನೇದು ಮಾಡಲ್ಲ, ಈಗಲೇ ಹೇಳಿರ್ತೀನಿ.”

“ಬಂದೆ,” ಎಂದರು ಡಾಕ್ಟರು. ಬರಲಿಲ್ಲ.

ಡಾಕ್ಟರು ಎಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ. ಮೂವತ್ತೆರಡು ವರ್ಷ ಸಿಟಿ ಬಸ್ ಡಿಪೋದ ಗೇರ್ ಸೆಕ್ಷನ್ನಿನಲ್ಲಿ ಮೈ ಕೈ ಕರಿ ಮಾಡಿಕೊಂಡವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಎಷ್ಟನೇ ಗೇರಿನ ಹಲ್ಲು ಸವೆದಿದೆ ಎಂದು ನಿಂತಲ್ಲೇ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಹಲ್ಲು. ಹಾಗಾಗಿ ಡಿಪೋದಲ್ಲಿ ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ಗೇರ್ ಡಾಕ್ಟರು. ನಿವೃತ್ತಿಯಾಗಿ ಎರಡು ವರ್ಷವಾದರೂ ಹೆಸರು ನಿವೃತ್ತಿಯಾಗಿರಲಿಲ್ಲ, ಕಾಲೂ ನಿವೃತ್ತಿಯಾಗಿರಲಿಲ್ಲ. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಮನುಷ್ಯ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು ಎಂದು ಹೆಂಡತಿ ಹೇಳುತ್ತಿದ್ದರು, ಅದರಲ್ಲಿ ಸುಳ್ಳೇನಿರಲಿಲ್ಲ.

ಆ ಶನಿವಾರವಂತೂ ಕೇಳುವುದೇ ಬೇಡ. ಶೆಡ್ಡಿನಿಂದ ಅಂಗಳ, ಅಂಗಳದಿಂದ ಅಡುಗೆಮನೆ, ಅಲ್ಲಿಂದ ಮತ್ತೆ ಶೆಡ್ಡು. ಗೋಡೆ ಗಡಿಯಾರ ನೋಡುವುದು, ನಂಬಿಕೆ ಬಾರದೆ ಕೈಗಡಿಯಾರ ನೋಡುವುದು. ಸಂಜೆ ನಾಲ್ಕಕ್ಕೆ ಹಳೆ ಗಾಡಿಗಳ ದಲ್ಲಾಳಿ ಬರುವವನಿದ್ದ. ಬಂದರೆ ಗಾಡಿ ಹೋಯಿತು. ಗಾಡಿ ಹೋದರೆ ಮಗಳು ಮತ್ತೆ ಲ್ಯಾಬಿನ ಹಿಂದಿನ ಕೋಣೆಗೆ.

ಗಾಡಿ ಮಗಳದ್ದು. ಮೂರು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಅವಳ ಎಡ ಮಂಡಿ ಚೂರಾಗಿತ್ತು. ಸೇರಿಸಿದರು, ಆದರೆ ಮಡಚಲು ಬರುವುದಿಲ್ಲ. ಆ ಕಾಲಿನಲ್ಲಿ ಕ್ಲಚ್ ಒತ್ತುವ ಮಾತೆಲ್ಲಿ ಬಂತು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಿದ್ದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಕಿಟಕಿಯಿಲ್ಲದ ಕೋಣೆ, ಬೆಳಗಿನಿಂದ ಸಂಜೆಯವರೆಗೆ ಗಾಜಿನ ನಳಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಆಗ ಅವಳು ಮನೆಯಲ್ಲಿ ಆಡಿದ ಒಟ್ಟು ಮಾತನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ಏಳು ತಿಂಗಳ ಹಿಂದೆ ತಾನೇ ದುಡ್ಡು ಕೂಡಿಸಿ ಈ ಹಳೆಯ ಆಟೋಮ್ಯಾಟಿಕ್ ತಂದಳು. ಅಂದಿನಿಂದ ಬೆಳಿಗ್ಗೆ ಐದೂವರೆಗೆ ಹೊರಟು, ಹಾಸಿಗೆ ಹಿಡಿದ ಮುದುಕರ ಮನೆಗಳಿಗೆ ಹೋಗಿ, ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಹತ್ತರೊಳಗೆ ಲ್ಯಾಬಿಗೆ ಮುಟ್ಟಿಸುವ ಕೆಲಸ ಅವಳಿಗೆ ಸಿಕ್ಕಿತು. ಮೊದಲ ತಿಂಗಳು ಮನೆಗೆ ಬಂದು ಊಟ ಮಾಡುತ್ತಾ ಎಷ್ಟು ಮಾತಾಡಿದಳೆಂದರೆ, ತಟ್ಟೆಯಲ್ಲಿ ಅನ್ನ ಒಣಗುತ್ತಿತ್ತು.

ಎರಡನೆಯ ತಿಂಗಳಿಂದ ಗಾಡಿ ಹಟ ಮಾಡತೊಡಗಿತು. ತಿರುವಿನಲ್ಲಿ ಒಂದು ಕ್ಷಣ ಎಳೆತ ಬಿಡುವುದು. ಏರಿನಲ್ಲಿ ಎಂಜಿನ್ ಕೂಗುವುದು, ಚಕ್ರ ಮಾತ್ರ ಉರುಳದೇ ಇರುವುದು. ಅವಳು ಬಂದು ಹೇಳಿದಾಗಲೆಲ್ಲ ಡಾಕ್ಟರ ಉತ್ತರ ಒಂದೇ.

“ಎಣ್ಣೆ ಸರಿಯಾಗಿದೆ. ಎಂಜಿನ್ ಸರಿಯಾಗಿದೆ. ಇನ್ನು ಉಳಿದಿದ್ದು ಓಡಿಸೋರು. ಗಾಡಿ ಪೂರ್ತಿ ನಿಲ್ಲೋಕೆ ಮುಂಚೆ ರಿವರ್ಸಿನ ‘ಆರ್’ನಿಂದ ‘ಡಿ’ಗೆ ಎಳೀತೀಯ ಅಲ್ವಾ ನೀನು?”

“ಇಲ್ಲಪ್ಪ.”

“ಎಳೀತೀಯ. ನಿನಗೇ ಗೊತ್ತಾಗಲ್ಲ.”

ಐದು ತಿಂಗಳು ಇದೇ ಮಾತು. ಒಂದೇ ಮಾತನ್ನು ಐದು ತಿಂಗಳು ಕೇಳಿದರೆ ಕಲ್ಲೂ ನಂಬುತ್ತದೆ, ಅವಳೂ ನಂಬಿದಳು. ಈ ಮಂಗಳವಾರ ರೈಲ್ವೆ ಸೇತುವೆಯ ಏರಿನ ನಡುಮಧ್ಯದಲ್ಲಿ ಗಾಡಿ ಎಳೆತ ಬಿಟ್ಟಿತು. ಹಿಂದೆ ನಲವತ್ತು ಗಾಡಿಗಳ ಹಾರ್ನು. ಐಸ್ ಕರಗಿತು, ಹನ್ನೊಂದು ಮನೆಯ ರಕ್ತ ಕೆಟ್ಟಿತು, ಹನ್ನೊಂದು ಮುದುಕರಿಗೆ ಎರಡನೆಯ ಸಲ ಸೂಜಿ ಚುಚ್ಚಬೇಕಾಯಿತು. ಲ್ಯಾಬಿನ ಯಜಮಾನರು ಬೈಯಲಿಲ್ಲ. ಸೋಮವಾರದಿಂದ ಬೇರೆಯವರು ಹೋಗುತ್ತಾರೆ, ನೀನು ಮೊದಲಿನ ಕೋಣೆಯಲ್ಲೇ ಇರಮ್ಮ ಎಂದರು. ಅವಳು ಆಗಲಿ ಎಂದು ಬಂದಳು, ದಲ್ಲಾಳಿಗೆ ತಾನೇ ಫೋನು ಮಾಡಿದಳು.

ಡಾಕ್ಟರು ತಮಗೆ ಗೊತ್ತಿದ್ದ ವರ್ಕ್‌ಶಾಪಿನ ಮೇಸ್ತ್ರಿಯನ್ನು ಕೇಳಿದ್ದರು. ಆಟೋಮ್ಯಾಟಿಕ್ ಡಾಕ್ಟರ ಕಸುಬಲ್ಲ, ಅದನ್ನು ಹೊರಗೆ ಒಪ್ಪಿಕೊಳ್ಳುವ ಕಸುಬೂ ಅವರದಲ್ಲ. ಮೇಸ್ತ್ರಿ ಮೊದಲು ಕೇಳಿದ್ದು, “ಆಯಿಲ್ ಎಷ್ಟಿದೆ?” ಎಂದು.

“ಫುಲ್ ಇದೆ. ಪ್ರತಿ ಭಾನುವಾರ ನಾನೇ ನೋಡ್ತೀನಿ.”

“ನೀವೇ ನೋಡಿದ್ರೆ ಮುಗೀತು ಬಿಡಿ. ಹಾಗಾದ್ರೆ ಗೇರ್ ಬಾಕ್ಸಿನ ಒಳಗೆ ಕ್ಲಚ್ ಪ್ಲೇಟುಗಳು ಹೋಗಿವೆ. ಬಾಕ್ಸೇ ಬದಲಾಯಿಸ್ಬೇಕು.”

ಬಾಕ್ಸ್ ಬದಲಾಯಿಸಿದರೆ ಮೂಗಿಗಿಂತ ಮೂಗುತಿ ಭಾರ. ಆ ಮಾತು ಅಲ್ಲಿಗೆ ನಿಂತಿತು.

ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೆಂಟು ಸರಿ ಗುರುತುಗಳಿದ್ದವು. ಹೆಂಡತಿ ಪ್ರೈಮರಿ ಶಾಲೆಯ ಟೀಚರಾಗಿದ್ದವರು. ಅವರ ನಿವೃತ್ತಿಯ ದಿನ ಮನೆಗೆ ಬಂದ ಅರ್ಧ ಡಬ್ಬಿ ಸೀಮೆಸುಣ್ಣ ಡಾಕ್ಟರ ಪಾಲಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ, ಗೇರ್ ಬಾಕ್ಸಿನ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಎಳೆದು, ಎಣ್ಣೆ ಗೆರೆ ಮುಟ್ಟಿದೆಯೇ ನೋಡಿ ಒಂದು ಸರಿ ಗುರುತು ಹಾಕುವುದು. ಕಡ್ಡಿಯ ಹಿಡಿಗೆ ಕೆಂಪು ಟೇಪು ಸುತ್ತಿದ್ದರು. ಅದು ಡಿಪೋದ ರೂಢಿ: ಡಾಕ್ಟರು ನೋಡಿ ಒಪ್ಪಿದ್ದಕ್ಕೆ ಕೆಂಪು ಟೇಪು, ಆಮೇಲೆ ಅದನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ.

ಹನ್ನೊಂದು ಗಂಟೆಗೆ ಡಾಕ್ಟರು ಮಗಳನ್ನು ಕರೆದರು. ಅವಳು ಗಾಡಿಯ ಕಾಗದ ಪತ್ರಗಳನ್ನು ಒಂದು ಫೈಲಿಗೆ ಸೇರಿಸುತ್ತಾ ಕೂತಿದ್ದಳು.

“ಸ್ವಲ್ಪ ಬಂದು ಸೀಟಲ್ಲಿ ಕೂತ್ಕೋ. ನಾನು ಕಿವಿ ಕೊಡ್ಬೇಕು.”

“ಹೋಗೋ ಗಾಡಿಗೆ ಕಿವಿ ಕೊಟ್ಟು ಏನಪ್ಪಾ ಮಾಡ್ತೀಯ?”

“ಕೂತ್ಕೋ ಅಂದ್ರೆ ಕೂತ್ಕೋ.”

ಅವಳು ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತಳು. ಮೇಲೆತ್ತಿದ ಬಾನೆಟ್ಟು ಗಾಜಿಗೆ ಅಡ್ಡವಾಗಿ, ಅಪ್ಪನಿಗೆ ಅವಳು ಕಾಣುತ್ತಿರಲಿಲ್ಲ, ಅವಳಿಗೆ ಅಪ್ಪ ಕಾಣುತ್ತಿರಲಿಲ್ಲ. ಎಂಜಿನ್ ಶುರುವಾಯಿತು. ಬೆಳಗಿನಿಂದ ಓಡಿ ಓಡಿ ಕಾದಿತ್ತು.

“ಬ್ರೇಕ್ ಒತ್ತಿ ಹಿಡಿ. ‘ಡಿ’ಗೆ ಹಾಕು. ಒಂದೇ ಕಾಲಲ್ಲಿ ಒತ್ತು, ಎರಡೂ ಇಡ್ಬೇಡ.”

“ನನಗಿರೋದೇ ಒಂದು ಕಾಲು,” ಎಂದಳು ಮಗಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಅವರಿಗೆ ಚುಚ್ಚಿತು.

ಡಾಕ್ಟರು ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿಗೆ ಒತ್ತಿ ಕಿವಿಯಿಟ್ಟರು. ಹಲ್ಲು ಸವೆದ ಕರಕರ ಕೇಳಲಿಲ್ಲ. ಪ್ಲೇಟು ಉಜ್ಜುವ ಸದ್ದೂ ಇಲ್ಲ. ಸಣ್ಣ ಕೂಗು, ಅದರ ನಡುವೆ ಲೋಟದ ತಳದಲ್ಲಿ ಉಳಿದ ಕೊನೆಯ ಗುಟುಕನ್ನು ಮಕ್ಕಳು ಸ್ಟ್ರಾದಲ್ಲಿ ಎಳೆಯುವಾಗ ಬರುವ ಸೊರಸೊರ. ಪಂಪು ಎಣ್ಣೆಗೆ ಬದಲು ಗಾಳಿ ಎಳೆಯುವ ಸದ್ದು. ಅವರ ಕಿವಿಗೆ ಅದು ಗೊತ್ತು. ಎಣ್ಣೆ ಸಾಲದೆ ಹೋದರೆ ಯಾವ ಯಂತ್ರವಾದರೂ ಹೀಗೇ ಅಳುತ್ತದೆ.

ಆದರೆ ಎಣ್ಣೆ ಫುಲ್ ಇದೆಯಲ್ಲ.

ಕೈ ಸುಮ್ಮನಿರದ ಮನುಷ್ಯ. ಬುದ್ಧಿ ಇನ್ನೂ ಯೋಚಿಸುತ್ತಿರುವಾಗಲೇ ಕೈ ಹೋಗಿ ಕೆಂಪು ಟೇಪಿನ ಕಡ್ಡಿಯನ್ನು ಎಳೆದಿತ್ತು. ಓಡುವ ಎಂಜಿನ್ನಿನಲ್ಲಿ ಕಡ್ಡಿ ನೋಡುವುದು ಡಿಪೋದಲ್ಲಿ ಮಹಾ ಅಪರಾಧ. ‘ಗಾಡಿ ನಿಲ್ಸು, ಹತ್ತು ನಿಮಿಷ ಬಿಡು, ಆಮೇಲೆ ನೋಡು’ ಎಂದು ಮೂವತ್ತೆರಡು ವರ್ಷ ಎಷ್ಟೋ ಜನ ಹೊಸಬರ ತಲೆಗೆ ಮೊಟಕಿದವರು ಅವರೇ. ಒರೆಸಿ, ಇಳಿಸಿ, ಎಳೆದು ನೋಡಿದರು. ಕಡ್ಡಿ ಒಣಗಿತ್ತು. ತೀರಾ ತುದಿಯಲ್ಲಿ ಒಂದು ಹನಿ, ಅಷ್ಟೇ.

“ಆಫ್ ಮಾಡು,” ಎಂದರು.

ಹತ್ತು ನಿಮಿಷ ಕಾದರು. ಕಾದರು ಎಂದರೆ, ಗಾಡಿಯನ್ನು ಹನ್ನೆರಡು ಸುತ್ತು ಸುತ್ತಿದರು. ಕಡ್ಡಿ ಎಳೆದರು. ಎಣ್ಣೆ ಗೆರೆಯವರೆಗೆ.

“ಸ್ಟಾರ್ಟ್ ಮಾಡು.”

ಒಣಗಿದ ಕಡ್ಡಿ.

“ಆಫ್ ಮಾಡು.”

“ಏನಪ್ಪಾ ಇದು ಕಣ್ಣಾಮುಚ್ಚಾಲೆ?” ಎಂದಳು ಮಗಳು ಒಳಗಿನಿಂದ.

ಡಾಕ್ಟರ ತಲೆಯೊಳಗೆ ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂರುತ್ತಿತ್ತು, ಆದರೆ ಒಂದೂ ಅವರಿಗೆ ಬೇಕಾದ ಜಾಗವಲ್ಲ. ಗಾಡಿ ನಿಂತಾಗ ಮೇಲಿನ ಎಣ್ಣೆಯೆಲ್ಲ ಇಳಿದು ಕೆಳಗಿನ ತಟ್ಟೆಗೆ ಸೇರುತ್ತದೆ, ಕಡ್ಡಿ ತುಂಬಿದೆ ಎನ್ನುತ್ತದೆ. ಓಡುವಾಗ ಪಂಪು ಅದನ್ನು ಮೇಲೆತ್ತಿ ಬಾಕ್ಸಿನ ತುಂಬ ಹಂಚುತ್ತದೆ, ಆಗ ಕೆಳಗೆ ಎಷ್ಟು ಉಳಿದಿದೆಯೋ ಅದೇ ನಿಜ. ಈ ಬಾಕ್ಸಿನ ಲೆಕ್ಕವೇ ಬೇರೆ. ಎಂಜಿನ್ ಎಣ್ಣೆಯ ನಿಯಮವನ್ನು ತಂದು ಅವರು ಇದರ ಮೇಲೆ ಹೇರಿದ್ದರು.

ಉಗುರಿನಿಂದ ಕೆಂಪು ಟೇಪಿನ ಅಂಚು ಎಬ್ಬಿಸಿದರು. ಏಳು ತಿಂಗಳ ಅಂಟು, ಎಳೆಎಳೆಯಾಗಿ ಬಂತು. ಅದರ ಕೆಳಗೆ ಲೋಹದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಬರೆದಿತ್ತು: ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ ನೋಡಿ. ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. ಗಾಡಿ ಮಾಡಿದವನು ಹೇಳಿಟ್ಟಿದ್ದ. ಅದರ ಮೇಲೆ ತಮ್ಮ ಒಪ್ಪಿಗೆಯ ಟೇಪನ್ನು ಸುತ್ತಿದವರು ತಾವು.

ಆಗ ಅವರ ಕಣ್ಣು ಗೋಡೆಯ ಹಲಗೆಯ ಮೇಲಿದ್ದ ಬಾಟಲಿಗೆ ಹೋಯಿತು.

ಗಾಡಿ ಬಂದ ಮೊದಲ ಭಾನುವಾರ. ಮಗಳು ಇನ್ನೂ ಮಲಗಿದ್ದಳು. ತಣ್ಣಗೆ ನಿಂತಿದ್ದ ಗಾಡಿಯ ಕಡ್ಡಿ ಎಳೆದರೆ ಎಣ್ಣೆ ಗೆರೆಗಿಂತ ಎರಡು ಬೆರಳು ಮೇಲಿತ್ತು. ಮಾರಿದವನಿಗೆ ಬುದ್ಧಿ ಇಲ್ಲ, ಕಂಠಮಟ್ಟ ಸುರಿದಿದ್ದಾನೆ ಎಂದು ಗೊಣಗಿಕೊಂಡು, ಸಣ್ಣ ಪೈಪು ಇಳಿಸಿ, ಒಂದೂವರೆ ಲೀಟರ್ ಕೆಂಪು ಎಣ್ಣೆಯನ್ನು ಎಳೆದು ಹೊಸ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಹಲಗೆಯ ಮೇಲಿಟ್ಟಿದ್ದರು. ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದ ಹೆಮ್ಮೆಯಲ್ಲೇ ಮೊದಲ ಸರಿ ಗುರುತು ಬಿದ್ದಿತ್ತು. ಮಗು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇಲ್ಲಿ ಕಂಕುಳಲ್ಲಿದ್ದದ್ದು ಬಾಟಲಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಲಾಗಿ ಹೊಲದವಳಿಗೇ ಬೈದಿತ್ತು.

“ಅಪ್ಪಾ, ಇಳೀಲಾ?”

“ಇರು. ಸ್ಟಾರ್ಟ್ ಮಾಡಿ ಹಾಗೇ ಬಿಡು. ಆಫ್ ಮಾಡ್ಬೇಡ.”

ಇಲ್ಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬಾಟಲಿ ಇಳಿಸಿ, ಲಾಳಿಕೆ ತೊಳೆದು ಒಣಗಿಸಿ, ಕಡ್ಡಿಯ ಕೊಳವೆಗೆ ಸಿಕ್ಕಿಸಿ, ಬಾನೆಟ್ಟಿನ ಮರೆಯಲ್ಲಿ ನಿಂತು ಸ್ವಲ್ಪ ಸ್ವಲ್ಪವೇ ಸುರಿದರು. ‘ಆರ್’ಗೆ ಹಾಕು, ‘ಎನ್’ಗೆ ಹಾಕು, ‘ಡಿ’ಗೆ ಹಾಕು ಎಂದು ಹೇಳುವುದು, ಕಡ್ಡಿ ನೋಡುವುದು, ಮತ್ತೆ ಸುರಿಯುವುದು. ಸೊರಸೊರ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಎಣ್ಣೆ ಸುಟ್ಟ ವಾಸನೆ ಇರಲಿಲ್ಲ. ಬಾಕ್ಸು ಸವೆದಿರಬಹುದು, ಸತ್ತಿರಲಿಲ್ಲ. ಓಡುವ ಎಂಜಿನ್ನಿನಲ್ಲಿ ಎಣ್ಣೆ ಗೆರೆ ಮುಟ್ಟಿದಾಗ ಬಾಟಲಿಯ ತಳದಲ್ಲಿ ಒಂದು ಗುಟುಕಿನಷ್ಟು ಮಾತ್ರ ಉಳಿದಿತ್ತು.

“ಈಗ ‘ಡಿ’ಗೆ ಹಾಕು.”

ಒಂದು. ಅಷ್ಟರಲ್ಲೇ ಗಾಡಿ ಮೆತ್ತಗೆ ಹಿಡಿಯಿತು.

ಮಗಳು ಇನ್ನೊಮ್ಮೆ ಹಾಕಿದಳು. ಮತ್ತೆ ಒಂದೇ. ಎಡಗಾಲು ಎಳೆದುಕೊಂಡು ಕೆಳಗಿಳಿದು ಬಂದಳು. “ಏನ್ ಮಾಡ್ದೆ?”

“ಏನೋ... ಸ್ವಲ್ಪ ಅಡ್ಜಸ್ಟ್ ಮಾಡ್ದೆ,” ಎಂದರು ಡಾಕ್ಟರು. ಬಾಟಲಿ ಆಗಲೇ ಹಳೆಯ ಟೈರಿನ ಹಿಂದೆ ಸೇರಿತ್ತು, ಕಿತ್ತ ಟೇಪು ಜೇಬಿಗೆ.

ಹೆಂಡತಿ ಸದ್ದು ಕೇಳಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. “ನಿಮ್ಮ ಕೈಗುಣ ಕಣ್ರೀ. ಮೇಸ್ತ್ರಿ ಕೈಬಿಟ್ಟಿದ್ದನ್ನ ಅರ್ಧ ದಿನದಲ್ಲಿ ಸರಿ ಮಾಡಿದ್ರಲ್ಲ.” ಹೆಂಡತಿಯ ಬಾಯಿಂದ ಹೊಗಳಿಕೆ ಬರುವುದು ಅಧಿಕ ಮಾಸದಷ್ಟೇ ಅಪರೂಪ. ಬೇರೆ ದಿನವಾಗಿದ್ದರೆ ಡಾಕ್ಟರು ವಾರಗಟ್ಟಲೆ ಅದನ್ನು ಮೆಲುಕು ಹಾಕುತ್ತಿದ್ದರು. ಇವತ್ತು ಜೇಬಿನ ಟೇಪನ್ನು ಇನ್ನೂ ಒಳಕ್ಕೆ ತಳ್ಳಿದರು.

ಮಗಳ ಮುಖ ಒಂದು ಕ್ಷಣ ಅರಳಿತ್ತು. ಆಮೇಲೆ ಅವಳೇ ಅದನ್ನು ಮುಚ್ಚಿಕೊಂಡಳು. “ಒಳ್ಳೇದಾಯ್ತು. ಕೆಟ್ಟ ಗಾಡಿ ದಾಟಿಸಿದ್ವಿ ಅನ್ನೋ ಮಾತು ಬರಲ್ಲ.”

“ದಾಟಿಸೋದ್ಯಾಕೆ ಈಗ? ಸರಿ ಹೋಯ್ತಲ್ಲ.”

“ಇವತ್ತು ನೀನು ಸರಿ ಮಾಡ್ದೆ. ನನ್ನ ಕೈಯಲ್ಲಿ ಇನ್ನಾರು ತಿಂಗಳಿಗೆ ಮತ್ತೆ ಹಾಳಾಗುತ್ತೆ. ನೀನೇ ಹೇಳ್ತಿದ್ಯಲ್ಲ, ನನಗೇ ಗೊತ್ತಾಗದ ಹಾಗೆ ಹಾಳು ಮಾಡ್ತೀನಿ ಅಂತ. ಗೊತ್ತಾಗದ್ದನ್ನ ತಿದ್ದಿಕೊಳ್ಳೋದು ಹೇಗಪ್ಪಾ?” ಅವಳು ಒಳಗೆ ಹೋದಳು. ಫೈಲಿಗೆ ಇನ್ನೂ ಎರಡು ಕಾಗದ ಸೇರಿಸುವುದಿತ್ತು.

ಡಾಕ್ಟರು ಅಂಗಳದಲ್ಲಿ ನಿಂತರು. ಗಾಡಿ ರಿಪೇರಿಯಾಗಿತ್ತು. ರಿಪೇರಿಯಾಗಬೇಕಾದ್ದು ಹಾಗೇ ಇತ್ತು.

ಊಟಕ್ಕೆ ಕೂತರು, ಎರಡು ತುತ್ತಿಗೆ ಎದ್ದರು. ಮಲಗಿದರು, ದಿಂಬು ಮಗುಚಿ ಹಾಕಿದರು, ಎದ್ದರು. ಎರಡೂವರೆಗೆ ಮಗಳ ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದರು.

“ನಿನ್ನ ತಪ್ಪೇನೂ ಅಷ್ಟಿರ್ಲಿಲ್ಲ, ನೋಡು.”

“ಎಷ್ಟಿತ್ತು?” ಎಂದು ಅವಳು ತಲೆಯೆತ್ತಿ ಕೇಳಿದಳು.

ನೇರವಾದ ಪ್ರಶ್ನೆ. ನೇರವಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. “ಅಂದ್ರೆ... ಹಳೇ ಗಾಡಿ, ಅದಕ್ಕೂ ವಯಸ್ಸಾಗಿದೆ,” ಎಂದು ಡಾಕ್ಟರು ತೊದಲಿ ಅಲ್ಲಿಂದ ಕಾಲು ಕಿತ್ತರು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಮೂರು ಗಂಟೆ. ಮೂರೂಕಾಲು. ಶೆಡ್ಡಿನ ಗೋಡೆಯ ಸರಿ ಗುರುತುಗಳು ಅಣಕಿಸುವಂತೆ ಸಾಲಾಗಿ ನಿಂತಿದ್ದವು.

ದಲ್ಲಾಳಿ ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂದ. ಹಿಂದೆ ಅದೇ ಡಿಪೋದಲ್ಲಿ ಡ್ರೈವರಾಗಿದ್ದವನು. ಈಗಲೂ ಡಿಪೋದ ಕ್ಯಾಂಟೀನಿನಲ್ಲಿ ದಿನಕ್ಕೊಮ್ಮೆ ಕೂರದಿದ್ದರೆ ಅವನಿಗೆ ಉಂಡದ್ದು ಕರಗುವುದಿಲ್ಲ. ಅವನ ಕಿವಿಗೆ ಬಿದ್ದ ಮಾತು ಮರುದಿನ ಇಡೀ ಡಿಪೋದ ಬಾಯಲ್ಲಿರುತ್ತದೆ. ಡಾಕ್ಟರನ್ನು ಕಂಡ ಕೂಡಲೇ ಚಪ್ಪಲಿ ಬಿಟ್ಟು ನಿಂತ.

“ನಿಮ್ಮ ಮನೆ ಗಾಡಿ ಅಂದ್ಮೇಲೆ ನಾನು ನೋಡೋದೇನಿದೆ ಡಾಕ್ಟರೇ. ಶಾಸ್ತ್ರಕ್ಕೆ ಒಂದು ಸುತ್ತು ಹೋಗಿ ಬರ್ತೀನಿ.”

ಹೋದ, ಬಂದ. ಮುಖದಲ್ಲಿ ಸಂತೋಷ. “ಬೆಣ್ಣೆ ಕಣ್ರೀ, ಬೆಣ್ಣೆ. ಫೋನಲ್ಲಿ ಬಾಕ್ಸ್ ಹೋಗಿದೆ ಅಂದಿದ್ರಲ್ಲಮ್ಮ, ಏನಾಗಿತ್ತು ಇದಕ್ಕೆ?”

ಮಗಳು ಫೈಲನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಎರಡನೆಯ ಬೀಗದ ಕೈ. “ಏನಿಲ್ಲ,” ಎಂದಳು. “ನಾನು ಸರಿಯಾಗಿ ಓಡಿಸದೆ ಹಾಳು ಮಾಡಿದ್ದೆ. ಅಪ್ಪ ಸರಿ ಮಾಡಿದ್ರು.”

ಎಷ್ಟು ಸಲೀಸಾಗಿ ಹೇಳಿದಳೆಂದರೆ, ತನ್ನ ಹೆಸರು ಹೇಳಿದ ಹಾಗೆ. ಈ ಮಾತನ್ನು ಅವಳ ಬಾಯಿಗೆ ಹಾಕಿದವರು ತಾವೇ, ಭಾನುವಾರಕ್ಕೊಂದು ಸರಿ ಗುರುತಿನಂತೆ ಬರೆದು ಬರೆದು.

“ಇಲ್ಲ,” ಎಂದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ ಸೇರಿ ಮೂವರೂ ತಿರುಗಿದರು.

“ಹಾಳು ಮಾಡಿದ್ದು ನಾನು. ಇವಳಲ್ಲ.” ಟೈರಿನ ಹಿಂದಿನಿಂದ ಬಾಟಲಿ ತಂದು ನೆಲದ ಮೇಲಿಟ್ಟರು. ಜೇಬಿನಿಂದ ಟೇಪಿನ ಉಂಡೆ ತೆಗೆದರು. ಬಾನೆಟ್ಟು ಎತ್ತಿ ಕಡ್ಡಿ ಎಳೆದು ಮಗಳ ಕೈಗೆ ಕೊಟ್ಟರು. “ಓದು. ಹಿಡಿ ಮೇಲೆ ಬರೆದಿದೆ. ಎಂಜಿನ್ ಓಡುವಾಗ ನೋಡಿ ಅಂತ. ನಾನು ನಿಲ್ಸಿ ನೋಡ್ದೆ. ಜಾಸ್ತಿ ಇದೆ ಅಂದ್ಕೊಂಡು ಮೊದಲನೇ ವಾರಾನೇ ಒಂದೂವರೆ ಲೀಟರ್ ತೆಗೆದು ಈ ಬಾಟಲಿಗೆ ಹಾಕಿಟ್ಟೆ. ಎಣ್ಣೆ ಇಲ್ಲದ ಗಾಡೀನ ಏಳು ತಿಂಗಳು ಓಡಿಸಿದೀಯ ನೀನು. ಇವತ್ತು ಮಾಡಿದ್ದು ರಿಪೇರಿ ಅಲ್ಲ. ಕದ್ದಿದ್ದನ್ನ ವಾಪಸ್ ಹಾಕ್ದೆ. ಮಧ್ಯಾಹ್ನಾನೇ ಗೊತ್ತಾಗಿತ್ತು, ಮುಚ್ಚಿಟ್ಟೆ. ಹೆದರಿಕೆ ಆಯ್ತು.”

ದಲ್ಲಾಳಿಗೆ ನಗು ಬಂತು. “ಗೇರ್ ಡಾಕ್ಟರಿಗೇ ಕಡ್ಡಿ ನೋಡೋಕೆ ಬರ್ಲಿಲ್ಲ ಅಂದ್ರೆ...” ಎಂದು ಶುರು ಮಾಡಿದ. ಯಾರೂ ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಎಂದರು ಹೆಂಡತಿ, ಮೆಲ್ಲಗೆ. ಗಂಡನ ಮುಖವನ್ನು ನೋಡಲಿಲ್ಲ.

ಮಗಳು ಕಡ್ಡಿಯನ್ನು ಬೆಳಕಿಗೆ ಹಿಡಿದು ಓದಿದಳು. ತುಂಬ ಹೊತ್ತು ಓದುವಷ್ಟು ಅಲ್ಲಿ ಬರೆದಿರಲಿಲ್ಲ. ಆದರೂ ಓದುತ್ತಲೇ ಇದ್ದಳು.

“ನಾನು ಒಬ್ಬರ ಕೈಯಿಂದ ಐದು ಎಂ.ಎಲ್. ರಕ್ತ ತೆಗೆಯೋಕೆ ಮೂರು ಸಲ ಹೆಸರು ಕೇಳ್ತೀನಿ, ಚೀಟಿ ನೋಡ್ತೀನಿ,” ಎಂದಳು ಕೊನೆಗೆ. “ನೀನು ಒಂದೂವರೆ ಲೀಟರ್ ತೆಗೆದೆ, ಯಾರನ್ನೂ ಕೇಳ್ಲಿಲ್ಲ. ನಿದ್ದೆಯಲ್ಲೂ ನನ್ನ ಕಾಲು ಬ್ರೇಕ್ ಒತ್ತುತ್ತಿತ್ತಪ್ಪಾ. ನಿಲ್ಲೋಕೆ ಮುಂಚೆ ಎಳೆದ್ನಾ, ಎಳೆದ್ನಾ ಅಂತ. ನನಗೇ ಏನೋ ಆಗಿದೆ, ಕಾಲಿನ ಜೊತೆ ತಲೇನೂ ಹೋಗಿದೆ ಅಂದ್ಕೊಂಡಿದ್ದೆ.”

ಡಾಕ್ಟರು ತಲೆ ತಗ್ಗಿಸಿದರು. ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳಿದರು. ಆ ಪದ ಅವರ ಬಾಯಿಂದ ಆ ಮನೆಯಲ್ಲಿ ಹೊರಟದ್ದು ಅದೇ ಮೊದಲು.

ಅವಳು ದಲ್ಲಾಳಿಯ ಮುಂದೆ ಕೈ ಚಾಚಿದಳು. ಅವನಿಗೆ ಅರ್ಥವಾಯಿತು, ಗಾಡಿಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾಳೆ ಕ್ಯಾಂಟೀನಿನಲ್ಲಿ ಅವನ ಟೀಗೆ ಸಕ್ಕರೆಯೇ ಬೇಡ, ಆ ಮಾತೊಂದೇ ಸಾಕು. ಡಾಕ್ಟರಿಗೆ ಅದು ಗೊತ್ತಿತ್ತು, ಆದರೆ ಯಾಕೋ ಆಗ ಅದು ದೊಡ್ಡದೆನಿಸಲಿಲ್ಲ.

ಮಗಳು ಕಡ್ಡಿಯನ್ನು ಅದರ ಜಾಗಕ್ಕೆ ಇಳಿಸಿ, ಬಾನೆಟ್ಟು ಮುಚ್ಚಿ, ಹೋಗಿ ಕೂತಳು. ಎಂಜಿನ್ ಶುರುವಾಯಿತು. ಡಾಕ್ಟರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಹೋಗಿಬಿಡುತ್ತಾಳೆ ಎಂದುಕೊಂಡರು. ಹೋಗಲಿ, ಅವಳ ಗಾಡಿ.

ಗಾಡಿ ಗೇಟಿನ ಹತ್ತಿರ ನಿಂತಿತು. ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆದುಕೊಂಡಿತು.

“ಬಾಯಿ ಮುಚ್ಕೊಂಡು ಕೂರೋದಾದ್ರೆ ಬಾ. ಸೇತುವೆ ಏರು ಹತ್ತಬೇಕು.”

ಡಾಕ್ಟರು ಎಣ್ಣೆಗೈಯಲ್ಲೇ ಹತ್ತಿ ಕೂತರು. ಬೀದಿ ದಾಟಿ, ಮಾರ್ಕೆಟ್ಟಿನ ತಿರುವು ದಾಟಿ ಹೋದರು. ತಿರುವಿನಲ್ಲಿ ಗಾಡಿ ಎಳೆತ ಬಿಡಲಿಲ್ಲ. ಮುಂದೆ ಸೇತುವೆ ಕಂಡಿತು. ಏರು ಶುರುವಾಗುವಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಬಿಳಿಚಿಕೊಂಡ ಮಗಳ ಬೆರಳುಗಳನ್ನು ನೋಡಿ ಅವರಿಗೆ ಅಳು ಬಂತು. ಗೇರು ಬದಲಾಗುವ ಜಾಗ ಬರುತ್ತಿದ್ದಂತೆ ಅವರ ತುಟಿಗಳು ತಾವಾಗಿಯೇ ಅಲುಗಿದವು.

“ಎಣಿಸ್ಬೇಡ,” ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ.

ಡಾಕ್ಟರು ತುಟಿ ಕಚ್ಚಿ, ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಎಂಜಿನ್ ಒಮ್ಮೆ ದನಿಯೆತ್ತಿತು, ಗೇರು ಬಿತ್ತು, ಗಾಡಿ ಏರಿತು. ಮಂಗಳವಾರ ನಿಂತಿದ್ದ ಜಾಗ ಬಂತು, ಹಿಂದಾಯಿತು. ತುದಿ ಮುಟ್ಟಿದಾಗ ಕೆಳಗೆ ಹಳಿಗಳು, ಆಚೆ ಕಡೆ ಸಾಲು ಸಾಲು ಮನೆಗಳು ಕಂಡವು.

ಇಳಿದ ಮೇಲೆ ವಾಪಸ್ ತಿರುಗುವ ದಾರಿ ಇತ್ತು. ಅವಳು ತಿರುಗಲಿಲ್ಲ, ನೇರ ಹೋದಳು. ಬೆರಳುಗಳು ಸಡಿಲವಾಗಿದ್ದವು. “ಆ ಹಸಿರು ಗೇಟಿನ ಮನೆ ಅಜ್ಜಿಗೆ ನರಾನೇ ಸಿಗಲ್ಲ,” ಎಂದಳು ಸ್ವಲ್ಪ ಹೊತ್ತಿನ ಮೇಲೆ. “ಸೂಜಿ ಇಳಿಸೋವಾಗ ಅವರಿಗೊಂದು ಒಗಟು ಹೇಳ್ಬೇಕು, ಇಲ್ದಿದ್ರೆ ಕೈ ಕೊಡಲ್ಲ. ಆ ಮೂಲೆ ಮನೆ ತಾತ ನಾಲ್ಕೂವರೆಗೇ ಎದ್ದು ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕಾಯ್ತಾ ಇರ್ತಾರೆ. ನಾನು ಹೋಗೋ ದಿನ ನನ್ನ ಬಿಟ್ರೆ ಬೇರೆ ಯಾರೂ ಅವರ ಮನೆಗೆ ಬರಲ್ಲ.”

ಏಳು ತಿಂಗಳಲ್ಲಿ ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ಡಾಕ್ಟರು ಒಂದು ಸಲವೂ ಕೇಳಿರಲಿಲ್ಲ. ಗಾಡಿಯ ಸದ್ದನ್ನು ಮಾತ್ರ ಕೇಳಿದ್ದರು.

ಹೀಗೆ ಒಂದೊಂದೇ ಮನೆ ತೋರಿಸುತ್ತಾ ಹೋಗಿ, ಹನ್ನೊಂದನೆಯ ಮನೆಯ ಮುಂದೆ ಅವಳು ಗಾಡಿ ನಿಲ್ಲಿಸಿ ಲ್ಯಾಬಿನ ಯಜಮಾನರಿಗೆ ಫೋನು ಮಾಡಿದಳು. ಸೋಮವಾರ ನಾನೇ ಹೋಗ್ತೀನಿ ಸರ್, ಗಾಡಿಗೆ ಏನೂ ಆಗಿರ್ಲಿಲ್ಲ, ನನಗೂ ಏನೂ ಆಗಿರ್ಲಿಲ್ಲ ಎಂದಳು. ಆ ಕಡೆಯಿಂದ ಏನು ಹೇಳಿದರೋ, ಒಂದು ವಾರ ನೋಡಿ ಸರ್, ಸಾಕು ಎಂದು ಇಟ್ಟಳು. ಆಮೇಲೆ ಬಾನೆಟ್ಟಿನ ಕೊಂಡಿ ಎಳೆದಳು. ಎಂಜಿನ್ ಓಡುತ್ತಲೇ ಇತ್ತು.

ಡಾಕ್ಟರು ಇಳಿದು ಬಾನೆಟ್ಟು ಎತ್ತಿದರು, ಕಡ್ಡಿ ಎಳೆದು ಒರೆಸಿ ಇಳಿಸಿ ಮತ್ತೆ ಎಳೆದರು. ಮಗಳು ಪಕ್ಕದಲ್ಲಿ ಬಂದು ನಿಂತಿದ್ದಳು.

“ಎಷ್ಟಿದೆ?” ಎಂದು ಕೇಳಿದಳು.

ಸರಿ ಇದೆ ಎಂದು ಹೇಳಲು ಡಾಕ್ಟರು ಬಾಯಿ ತೆರೆದರು. ಹಾಗೇ ಮುಚ್ಚಿ, ಕಡ್ಡಿಯನ್ನು ಅವಳ ಕೈಗೆ ಕೊಟ್ಟರು.

“ನೀನೇ ನೋಡಿ ಹೇಳಮ್ಮ,” ಎಂದರು.